ಆರು ವರ್ಷದ ಮಗಳು: ಸರ್ಕಾರಿ ಶಾಲೆಯಾ, ವ್ಯಾನ್ ಹತ್ತಿಸೋದಾ, ಮನೆಯಲ್ಲೇ ಕಲಿಸೋದಾ?

ತೆಂಗಿನಗರಿ · ಏಪ್ರಿಲ್ 19, 2025

ಎಲ್ಲರಿಗೂ ನಮಸ್ಕಾರ. ನಾವು ತಿಪಟೂರಿನವರು. ಮಗಳಿಗೆ ಫೆಬ್ರವರಿಯಲ್ಲಿ ಆರು ತುಂಬಿತು. ಯುಕೆಜಿ ಮುಗಿಯಿತು, ಜೂನ್‌ಗೆ ಒಂದನೇ ಕ್ಲಾಸು. ಮನೆಯಲ್ಲಿ ಮೂರು ಪಕ್ಷ ಆಗಿದೆ.

ಅತ್ತೆ-ಮಾವ ಹೇಳೋದು, ಈಗಿರುವ ಸಿಬಿಎಸ್‌ಇ ಶಾಲೆಯಲ್ಲೇ ಇರಲಿ ಅಂತ. ವರ್ಷಕ್ಕೆ 62 ಸಾವಿರ ಫೀಸು, ವ್ಯಾನಿಗೆ 14 ಸಾವಿರ, ಪುಸ್ತಕ ಬಟ್ಟೆ ಬೇರೆ. ವ್ಯಾನು 7:40ಕ್ಕೆ ಬರುತ್ತದೆ, ಊರೆಲ್ಲ ಸುತ್ತಿ 8:50ಕ್ಕೆ ಶಾಲೆ ಮುಟ್ಟಿಸುತ್ತದೆ. ಸಾಯಂಕಾಲ ಮಗು ಸೀಟಿನಲ್ಲೇ ನಿದ್ದೆ ಹೋಗಿರುತ್ತದೆ, ಎತ್ತಿಕೊಂಡೇ ಒಳಗೆ ತರಬೇಕು.

ನಮ್ಮವರದು ಕೊಬ್ಬರಿ ವ್ಯಾಪಾರ. ಅವರು ರಾತ್ರಿ ಹೊತ್ತು ಯೂಟ್ಯೂಬ್ ನೋಡಿ ನೋಡಿ ಈಗ ಹೋಮ್‌ಸ್ಕೂಲಿಂಗ್ ಅನ್ನುತ್ತಿದ್ದಾರೆ. ಕಲಿಸೋದು ಯಾರು ಅಂತ ಕೇಳಿದರೆ ನನ್ನ ಮುಖ ನೋಡುತ್ತಾರೆ.

ನನ್ನ ಮನಸ್ಸು ಇರೋದು ಮನೆಯಿಂದ ಮೂರು ನಿಮಿಷದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಮೇಲೆ. ಒಂದರಿಂದ ಐದರವರೆಗೆ 31 ಮಕ್ಕಳು, ಇಬ್ಬರು ಮೇಡಂ. ಮನಸ್ಸಿದೆ, ಧೈರ್ಯ ಇಲ್ಲ.

ಒಂದು ವಿಷಯ ಹೇಳಲೇಬೇಕು. ಮಾರ್ಚ್‌ನಲ್ಲಿ ಒಂದು ದಿನ ಮಗಳ ಬ್ಯಾಗನ್ನು ಕೊಬ್ಬರಿ ತೂಗುವ ತಕ್ಕಡಿ ಮೇಲಿಟ್ಟೆ. 3 ಕಿಲೋ 400 ಗ್ರಾಂ. ಮಗಳನ್ನೂ ನಿಲ್ಲಿಸಿದೆ. 17 ಕಿಲೋ. ಅವತ್ತಿನಿಂದ ತಲೆ ಕೆಟ್ಟಿದೆ. ಅನುಭವ ಇದ್ದವರು ಹೇಳಿ.

ಲೆಕ್ಕದಪುಸ್ತಕ · ಏಪ್ರಿಲ್ 19

ಒಂದನೇ ಕ್ಲಾಸಿನ ಫೀಸು ನೋಡಿ ನಿರ್ಧಾರ ಮಾಡಬೇಡಿ. ಅದೇ ಶಾಲೆಯಲ್ಲಿ ಏಳನೇ ಕ್ಲಾಸಿನ ಫೀಸು ಎಷ್ಟು ಅಂತ ಕೇಳಿ. ನನ್ನ ಮಗ 2019ರಲ್ಲಿ ಒಂದನೇ ಕ್ಲಾಸಿಗೆ ಸೇರಿದಾಗ 48 ಸಾವಿರ ಇತ್ತು. ಈ ಜೂನ್‌ಗೆ ಏಳು, 1 ಲಕ್ಷ 12 ಸಾವಿರ. ಮಧ್ಯದಲ್ಲಿ ತಂಗಿಯೂ ಸೇರಿದಳು. ಇಬ್ಬರದು ಅಂದ ಮೇಲೆ ಬಿಡೋಕೂ ಆಗಲ್ಲ, ಕಟ್ಟೋಕೂ ಆಗಲ್ಲ.

ಶಾಲೆ ಚೆನ್ನಾಗಿಲ್ಲ ಅಂತ ಹೇಳುತ್ತಿಲ್ಲ. ಮಗ ಚೆನ್ನಾಗಿ ಓದುತ್ತಾನೆ. ಆದರೆ ಒಂದರಿಂದ ಮೂರನೇ ಕ್ಲಾಸಿನವರೆಗೆ ನಾನು ಕಟ್ಟಿದ ಒಂದೂವರೆ ಲಕ್ಷಕ್ಕೆ ಮಗು ಕಲಿತದ್ದೇನು ಅಂತ ಈಗ ಯೋಚಿಸಿದರೆ, ಬಣ್ಣ ತುಂಬೋದು ಮತ್ತು ಆನ್ಯುಯಲ್ ಡೇಗೆ ಎರಡು ಡ್ಯಾನ್ಸ್. ಓದೋಕೆ ಕಲಿಸಿದ್ದು ಮನೆಯಲ್ಲಿ, ನನ್ನ ಹೆಂಡತಿ.

ಬಳಪದಮೇಷ್ಟ್ರು · ಏಪ್ರಿಲ್ 20

ನಾನು ಸರ್ಕಾರಿ ಶಾಲೆ ಮೇಷ್ಟ್ರು, 21 ವರ್ಷದ ಸರ್ವಿಸು. ಹಾಗಾಗಿ ಸರ್ಕಾರಿ ಶಾಲೆಗೇ ಹಾಕಿ ಅನ್ನುತ್ತೇನೆ ಅಂದುಕೊಳ್ಳಬೇಡಿ ತಾಯಿ. ಮೊದಲು ಆ ಶಾಲೆಗೆ ಹೋಗಿ ಒಂದು ಗಂಟೆ ಕೂತು ಬನ್ನಿ. ಈಗ ರಜೆ. ಮೇ ಕೊನೆಗೆ ಬಾಗಿಲು ತೆಗೆದ ಮೇಲೆ ಎರಡನೇ ವಾರ ಹೋಗಿ. ಮೊದಲ ವಾರ ಪ್ರಾರಂಭೋತ್ಸವ, ತೋರಣ, ಸಿಹಿ ಊಟ, ಏನೂ ಗೊತ್ತಾಗಲ್ಲ.

ಒಂದರಿಂದ ಮೂರನೇ ತರಗತಿವರೆಗೆ ನಮ್ಮಲ್ಲಿ ನಲಿ-ಕಲಿ, ಅಂದರೆ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿದ್ದು. ಆಂಧ್ರದ ರಿಷಿ ವ್ಯಾಲಿಯಲ್ಲಿ ನಡೆಯುತ್ತಿದ್ದ ಪದ್ಧತಿ ನೋಡಿಕೊಂಡು ಬಂದು ನಮ್ಮ ಮೇಷ್ಟ್ರುಗಳೇ ಕಟ್ಟಿದ್ದು. 2009-10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಮೂರೂ ಕ್ಲಾಸಿನ ಮಕ್ಕಳು ಒಂದೇ ಕೊಠಡಿಯಲ್ಲಿ ನೆಲದ ಮೇಲೆ ದುಂಡಗೆ ಕೂರುತ್ತಾರೆ. ಬೆಂಚಿಲ್ಲ ಅಂತ ಗಾಬರಿ ಆಗಬೇಡಿ. ಗೋಡೆಯ ಕೆಳಗೆ ಮಕ್ಕಳ ಕೈಗೆಟುಕುವಷ್ಟು ಎತ್ತರಕ್ಕೆ ಕಪ್ಪು ಬಣ್ಣ ಬಳಿದಿರುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಜಾಗ. ಮೇಲೆ ದಾರ ಕಟ್ಟಿದ ಚಪ್ಪರ, ಅದಕ್ಕೆ ಮಕ್ಕಳು ಬರೆದ ಚಿತ್ರ ನೇತಾಡುತ್ತಿರುತ್ತವೆ.

ಗುಂಪಿಗೆ ನಾವು ತಟ್ಟೆ ಅನ್ನುತ್ತೇವೆ. ಒಂದನೇ ತಟ್ಟೆಯ ಮಗುವಿಗೆ ಮೇಷ್ಟ್ರು ಪೂರ್ತಿ ಜೊತೆಗಿರಬೇಕು. ಮೂರನೆಯದರಲ್ಲಿ ಗೆಳೆಯರೇ ಹೇಳಿಕೊಡುತ್ತಾರೆ. ಐದನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಜ್ವರ ಬಂದು ನಾಲ್ಕು ದಿನ ಬಿಟ್ಟ ಮಗು ಕಲಿಕೆಯ ಮೆಟ್ಟಿಲುಗಳ ಏಣಿಯಲ್ಲಿ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದಕ್ಕೆ ಹೋಗುತ್ತದೆ. ಪಾಠ ಅದನ್ನು ಬಿಟ್ಟು ಓಡಲ್ಲ.

ನೀವು ಹೋದಾಗ ನೋಡಬೇಕಾದ್ದು ಇಷ್ಟೇ. ಕಾರ್ಡುಗಳ ಅಂಚು ಸವೆದಿವೆಯಾ? ಹೊಸದಾಗಿ ಮಿಂಚುತ್ತಿದ್ದರೆ ಅಲ್ಲಿ ನಲಿ-ಕಲಿ ಗೋಡೆ ಮೇಲೆ ಮಾತ್ರ ಇದೆ ಅಂತ ಅರ್ಥ.

ಆಟೋಸ್ಟ್ಯಾಂಡ್ · ಏಪ್ರಿಲ್ 20

ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ, ನಿಮ್ಮ ಮಕ್ಕಳು ಎಲ್ಲಿ ಓದಿದ್ದು?

ನಾನು ಆಟೋ ಓಡಿಸುತ್ತೇನೆ. ಹೆಂಡತಿ ಗಾರ್ಮೆಂಟ್ಸ್. ಇಬ್ಬರು ಮಕ್ಕಳನ್ನೂ ವರ್ಷಕ್ಕೆ 22 ಸಾವಿರದ ಖಾಸಗಿ ಶಾಲೆಗೆ ಹಾಕಿದ್ದೇವೆ. ಮೈದಾನ ಇಲ್ಲ, ಎರಡನೇ ಮಹಡಿ, ಮಿಸ್ಸುಗಳು ವರ್ಷಕ್ಕೊಬ್ಬರು ಬದಲಾಗುತ್ತಾರೆ. ಎಲ್ಲ ಗೊತ್ತು. ಆದರೂ ಯಾಕೆ ಹಾಕಿದ್ದು ಅಂದರೆ ಆ ಶಾಲೆಗೆ ಬೀಗ ಬಿದ್ದಿದ್ದನ್ನು ನಾನು ನೋಡಿಲ್ಲ. ನಮ್ಮ ಏರಿಯಾದ ಸರ್ಕಾರಿ ಶಾಲೆಯಲ್ಲಿ ಒಬ್ಬರು ಮೇಡಂ ಎಲೆಕ್ಷನ್ ಡ್ಯೂಟಿ, ಇನ್ನೊಬ್ಬರು ಟ್ರೈನಿಂಗು. ಅಡುಗೆ ಅಕ್ಕ ಮಕ್ಕಳನ್ನು ನೋಡಿಕೊಂಡು ಕೂತಿದ್ದರು.

ದುಡ್ಡಿದ್ದವರಿಗೆ ಸರ್ಕಾರಿ ಶಾಲೆ ಒಂದು ಪ್ರಯೋಗ. ಕೈ ಕೊಟ್ಟರೆ ಮುಂದಿನ ವರ್ಷ ವಾಪಸ್ ಹೋಗುತ್ತಾರೆ. ನಮಗೆ ಹಾಗಲ್ಲ.

ಬಳಪದಮೇಷ್ಟ್ರು · ಏಪ್ರಿಲ್ 20

ಕೇಳಿದ್ದು ಸರಿಯಾಗಿದೆ ಅಣ್ಣ. ದೊಡ್ಡವನು ಖಾಸಗಿಯಲ್ಲಿ ಓದಿದ. ಆಗ ನನಗೂ ಧೈರ್ಯ ಇರಲಿಲ್ಲ. ಚಿಕ್ಕವಳು ಐದರವರೆಗೆ ನನ್ನ ಶಾಲೆಯಲ್ಲೇ ಓದಿದಳು. ಡ್ಯೂಟಿ ವಿಷಯ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಇಬ್ಬರೇ ಇರುವ ಶಾಲೆಯಲ್ಲಿ ಒಬ್ಬರು ಹೊರಗೆ ಹೋದರೆ ಅವತ್ತು ಪಾಠ ಇಲ್ಲ. ಅದನ್ನು ಮುಚ್ಚಿಟ್ಟು ಮಾತಾಡಲ್ಲ.

ಗಿರ್ಮಿಟ್‌ಮಿರ್ಚಿ · ಏಪ್ರಿಲ್ 21

ನಾನು ಹುಬ್ಬಳ್ಳಿ ಕಡೆಯವ. ಹತ್ತರ ತನಕ ಕನ್ನಡ ಮಾಧ್ಯಮ. ಪಿಯು ಸೈನ್ಸ್ ತಗೊಂಡೆ. ಮೊದಲ ಮೂರು ತಿಂಗಳು ಲೆಕ್ಚರರ್ ಏನು ಹೇಳುತ್ತಾರೆ ಅಂತ ಒಂದಕ್ಷರ ತಿಳೀಲಿಲ್ಲ. 'ವೇಗೋತ್ಕರ್ಷ' ಗೊತ್ತಿತ್ತು, 'ಆಕ್ಸಲರೇಷನ್' ಅಂದ್ರೆ ಅದೇ ಅಂತ ಗೊತ್ತಾಗಿದ್ದು ದೀಪಾವಳಿ ಹೊತ್ತಿಗೆ. ಪಕ್ಕದ ಬೆಂಚಿನ ಹುಡುಗರು ನಗುತ್ತಿದ್ದರು. ಆ ನಗು ಇನ್ನೂ ಮರೆತಿಲ್ಲ.

ಈಗ ನನ್ನ ಮಗ ಇಂಗ್ಲಿಷ್ ಮಾಧ್ಯಮ. ಆದರೆ ನೋಡ್ರಿ, ಅವನಿಗೆ ಅಜ್ಜಿ ಹೇಳಿದ ಕಥೆ ಅರ್ಧ ತಿಳಿಯೋದಿಲ್ಲ. 'ಒಲೆ ಗೂಡು' ಅಂದರೆ ಏನು ಅಂತ ಇಂಗ್ಲಿಷಿನಲ್ಲಿ ವಿವರಿಸೋಕೆ ಹೋಗಿ ನಾನೇ ಬೆಪ್ಪಾದೆ. ಯಾವುದನ್ನು ಕಳ್ಕೊಂಡರೆ ಬೇಗ ಸರಿ ಮಾಡಬಹುದು, ಅದನ್ನು ಲೆಕ್ಕ ಹಾಕ್ರಿ. ಇಂಗ್ಲಿಷ್ ನಾನು ಹದಿನೇಳಕ್ಕೆ ಕಲಿತೆ.

ಹೊಸಬೆಳ್ಳಿ · ಏಪ್ರಿಲ್ 21

ಮಧ್ಯದಲ್ಲಿ ನನ್ನದೂ ಒಂದು ಪ್ರಶ್ನೆ. ಜೂನ್ 1ಕ್ಕೆ ಮಗನಿಗೆ 5 ವರ್ಷ 6 ತಿಂಗಳು. ಒಂದನೇ ಕ್ಲಾಸಿಗೆ ತಗೋತಾರಾ? ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟು ಹಾಕಿದರೆ ಖಾಸಗಿಯಲ್ಲಿ ಸಿಗುತ್ತಾ?

ಬಳಪದಮೇಷ್ಟ್ರು · ಏಪ್ರಿಲ್ 21

ಜೂನ್ 1ಕ್ಕೆ 6 ತುಂಬಿರಬೇಕು ಅನ್ನೋದು ನಿಯಮ. 2025-26ಕ್ಕೆ ಮಾತ್ರ ಅಂತ ಸರ್ಕಾರ ಮೊನ್ನೆ 5 ವರ್ಷ 5 ತಿಂಗಳಿಗೆ ಸಡಿಲ ಮಾಡಿದೆ. ಮಗು ಯುಕೆಜಿ ಮುಗಿಸಿರಬೇಕು. ನನ್ನ ಮಾತು ಕೇಳುವುದಾದರೆ, ಅವಕಾಶ ಇದೆ ಅಂತ ತಳ್ಳಬೇಡಿ. ಬೇರೆಯವರಿಗಿಂತ ಆರು ತಿಂಗಳು ಚಿಕ್ಕದಾದ ಮಗು ಒಂದನೇ ಕ್ಲಾಸಿನಲ್ಲಿ ಪೆನ್ಸಿಲ್ ಹಿಡಿಯೋಕೇ ಒದ್ದಾಡುತ್ತದೆ.

ಆರ್‌ಟಿಇ: ಖಾಸಗಿ ಶಾಲೆಯಲ್ಲಿ 25 ಪರ್ಸೆಂಟ್ ಸೀಟು ಬಡ ಮಕ್ಕಳಿಗೆ ಅಂತ ಕಾಯ್ದೆಯಲ್ಲಿ ಇದೆ. ಆದರೆ ನಮ್ಮ ರಾಜ್ಯದಲ್ಲಿ 2019ರಿಂದ, ನಿಮ್ಮ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟು ಕೊಡಲ್ಲ. ಪೇಟೆಯಲ್ಲಿ ಇದ್ದೇ ಇರುತ್ತದೆ ಅಲ್ವಾ? ಹಾಗಾಗಿ ಅದರ ಮೇಲೆ ಆಸೆ ಇಟ್ಟುಕೊಂಡು ಕೂರಬೇಡಿ.

ನದಿಯದಡ · ಏಪ್ರಿಲ್ 22

ತೆಂಗಿನಗರಿಯವರೇ, ನಾವು ಮೈಸೂರು ಹತ್ತಿರ ಇದ್ದೇವೆ. ಮಗನಿಗೆ ಈಗ ಹನ್ನೊಂದು. ಶಾಲೆಗೆ ಹೋಗಿಲ್ಲ. ನಿಮ್ಮ ಯಜಮಾನರು ನೋಡಿದ ವಿಡಿಯೋದಲ್ಲಿ ಬಹುಶಃ ಮಗು ಮಣ್ಣಿನಲ್ಲಿ ಆಡುತ್ತಾ, ತಾಯಿ ನಗುತ್ತಾ ಇರುತ್ತಾರೆ. ಅದು ದಿನಕ್ಕೆ ಇಪ್ಪತ್ತು ನಿಮಿಷ ನಿಜ. ಉಳಿದ ಹೊತ್ತು ಹೇಳುತ್ತೇನೆ.

ಬೆಳಿಗ್ಗೆ ಅಡುಗೆ ಮಾಡುತ್ತಾ ಅಳತೆ, ತೂಕ, ಭಾಗ. ಅದು ಚೆನ್ನಾಗಿ ನಡೆಯುತ್ತದೆ. ಮಗ ಭಿನ್ನರಾಶಿ ಕಲಿತದ್ದು ಹೋಳಿಗೆ ಕಣಕದಲ್ಲಿ. ಹತ್ತು ಗಂಟೆಯಿಂದ ಹನ್ನೆರಡು ಕೂತು ಓದು. ಈ ಎರಡು ಗಂಟೆಯಲ್ಲಿ ನಾನು ತಾಯಿನೋ ಟೀಚರೋ ಅಂತ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಏಳು ವರ್ಷದವನಿದ್ದಾಗ ಒಂದು ದಿನ ಕಾಪಿ ಪುಸ್ತಕ ಎಸೆದು "ನೀನು ಅಮ್ಮ ಆಗಿ ಬಾ" ಅಂದ. ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಮಧ್ಯಾಹ್ನ ಅವನು ರಾಜ. ಕೆರೆ ಹಕ್ಕಿಗಳ ಹೆಸರು ಎಂಬತ್ತು ಗೊತ್ತು. ನಾಲ್ಕೂವರೆಗೆ ಬೀದಿ ಮಕ್ಕಳು ಶಾಲೆಯಿಂದ ಬರುವವರೆಗೆ ಗೇಟಿನ ಹತ್ತಿರ ನಿಂತು ಕಾಯುತ್ತಾನೆ. ಆ ಕಾಯೋದನ್ನು ಯಾವ ವಿಡಿಯೋದಲ್ಲೂ ಹಾಕಲ್ಲ.

ನಾನು ಕೆಲಸ ಬಿಟ್ಟೆ. ಅದನ್ನೂ ಫೀಸು ಅಂತ ಬರೆದುಕೊಳ್ಳಿ. ನನಗೆ ಪಶ್ಚಾತ್ತಾಪ ಇಲ್ಲ. ಆದರೆ ಗಂಡ 'ಮಾಡೋಣ' ಅಂದು ಹೆಂಡತಿ ಮಾಡುವ ಹೋಮ್‌ಸ್ಕೂಲಿಂಗ್ ಬೇಡವೇ ಬೇಡ.

ಲೆಕ್ಕದಪುಸ್ತಕ · ಏಪ್ರಿಲ್ 22

ನದಿಯದಡ ಅವರೇ, ಕಾನೂನಿನಲ್ಲಿ ತೊಂದರೆ ಆಗಲ್ವಾ? ಮುಂದೆ ಎಸ್ಸೆಸ್ಸೆಲ್ಸಿ ಹೇಗೆ?

ನದಿಯದಡ · ಏಪ್ರಿಲ್ 22

6ರಿಂದ 14ರ ಮಕ್ಕಳನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿದೆ. ಸೇರಿಸದವರಿಗೆ ಶಿಕ್ಷೆ ಅಂತ ಅದರಲ್ಲಿ ಇಲ್ಲ. ಮನೆಯಲ್ಲಿ ಕಲಿಸಬಹುದು ಅಂತಲೂ ಬರೆದಿಲ್ಲ. ನಾವು ಆ ಸಂದಿಯಲ್ಲಿ ಬದುಕುತ್ತಿದ್ದೇವೆ. ಶಾಲೆ ಬಿಟ್ಟ ಮಕ್ಕಳ ಸರ್ವೆಗೆ ಒಮ್ಮೆ ಒಬ್ಬ ಮೇಡಂ ಬಂದಿದ್ದರು. ಮಗ ಓದಿ ತೋರಿಸಿದ. ಕಾಫಿ ಕುಡಿದು ಹೋದರು.

ಪರೀಕ್ಷೆಗೆ ಎನ್‌ಐಒಎಸ್ ಇದೆ, ಕೇಂದ್ರ ಸರ್ಕಾರದ ಮುಕ್ತ ಶಾಲೆ. ಅದರಲ್ಲಿ ಎ, ಬಿ, ಸಿ ಅಂತ ಹಂತಗಳಿವೆ, ಮೂರು, ಐದು, ಎಂಟನೇ ಕ್ಲಾಸಿಗೆ ಸಮ. ಹತ್ತನೆಯದಕ್ಕೆ 14 ವರ್ಷ ತುಂಬಿರಬೇಕು. ನಾವು ಅದೇ ದಾರಿ ಹಿಡಿಯೋದು.

ಸಿಇಟಿಅಪ್ಪ · ಏಪ್ರಿಲ್ 23

ಒಂದು ಎಚ್ಚರಿಕೆ. ಆರು ವರ್ಷದ ಮಗುವಿಗೆ ಸಿಇಟಿ ಮಾತಾ ಅಂತ ನಗಬೇಡಿ. ಕಳೆದ ವರ್ಷ ಮಗಳ ದಾಖಲೆ ಪರಿಶೀಲನೆಗೆ ನಾನು ನಾಲ್ಕು ಶಾಲೆ ಅಲೆದಿದ್ದೇನೆ.

ನಮ್ಮ ರಾಜ್ಯದ ಸರ್ಕಾರಿ ಸೀಟಿಗೆ ಒಂದನೇ ಕ್ಲಾಸಿನಿಂದ ಸೆಕೆಂಡ್ ಪಿಯು ಒಳಗೆ ಕನಿಷ್ಠ 7 ವರ್ಷ ಕರ್ನಾಟಕದ ಮಾನ್ಯತೆ ಇರುವ ಶಾಲೆ-ಕಾಲೇಜಿನಲ್ಲಿ ಓದಿರಬೇಕು ಅನ್ನೋದೇ ಎಲ್ಲರೂ ಬಳಸುವ ಕಲಮು. ಬೇರೆ ಕಲಮುಗಳೂ ಇವೆ, ಅವು ಎಲ್ಲರಿಗೂ ಹೊಂದಲ್ಲ. ಮನೆಯಲ್ಲಿ ಓದಿದ ವರ್ಷ ಈ ಏಳರಲ್ಲಿ ಸೇರಲ್ಲ. ಶಾಲೆಗೆ ಸೇರದ ಮಗುವಿಗೆ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಸಂಖ್ಯೆ) ಕೂಡ ಇರಲ್ಲ.

ಇನ್ನೊಂದು ಕಡೆ, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮ ಓದಿದವರಿಗೆ ಸಿಇಟಿಯಲ್ಲಿ 5 ಪರ್ಸೆಂಟ್ ಮೀಸಲು. ಅಷ್ಟೂ ವರ್ಷ ಹಳ್ಳಿಯಲ್ಲಿ ಓದಿದರೆ 15 ಪರ್ಸೆಂಟ್. ತಿಪಟೂರು ಟೌನಿಗೆ ಎರಡನೆಯದು ಸಿಗಲ್ಲ. ಒಂದೇ ವರ್ಷ ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿ ಬಂದರೂ ಮೊದಲನೆಯದೂ ಹೋಯಿತು.

ಡಬ್ಲಿನ್‌ದೋಸೆ · ಏಪ್ರಿಲ್ 23

ನಾವಿರುವ ಐರ್ಲೆಂಡಿನಲ್ಲಿ ಮನೆಯಲ್ಲಿ ಕಲಿಸುವ ಹಕ್ಕು ಸಂವಿಧಾನದಲ್ಲೇ ಇದೆ. ಟುಸ್ಲಾ ಅಂತ ಮಕ್ಕಳ ಇಲಾಖೆ, ಅಲ್ಲಿ ಹೆಸರು ಬರೆಸಬೇಕು, ಅವರು ಬಂದು ನೋಡುತ್ತಾರೆ. ಅಲ್ಲಿಗೆ ಮುಗಿಯಿತು. ನಮ್ಮಲ್ಲೂ ಹಾಗೆ ಒಂದು ನಿಯಮ ಮಾಡಿದರೆ ಏನು ಕಷ್ಟ?

ಆಟೋಸ್ಟ್ಯಾಂಡ್ · ಏಪ್ರಿಲ್ 23

ಸಾರ್, ನಮ್ಮಲ್ಲಿ ಇರುವ ಶಾಲೆಗೇ ಬಂದು ನೋಡೋರಿಲ್ಲ. ಇನ್ನು ಮನೆಮನೆಗೆ ಯಾರು ಬರ್ತಾರೆ?

ತೆಂಗಿನಗರಿ · ಏಪ್ರಿಲ್ 24

ನದಿಯದಡ ಅವರ ಮಾತನ್ನು ಯಜಮಾನರಿಗೆ ಓದಿಸಿದೆ. ಎರಡು ಸಲ ಓದಿದರು. "ಆಯ್ತು, ನಾನು ಸಾಯಂಕಾಲ ಆರು ಗಂಟೆಗೆ ಬಂದು ಗಣಿತ ಹೇಳಿಕೊಡ್ತೀನಿ" ಅಂದರು. ಅವರು ಆರಕ್ಕೆ ಮನೆಗೆ ಬಂದದ್ದು ಕೊನೆಯ ಸಲ ಕೊರೊನಾದಲ್ಲಿ. ಅಲ್ಲಿಗೆ ಆ ಪಕ್ಷ ಬರಖಾಸ್ತು.

ಈಗ ಎರಡೇ ಉಳಿದಿವೆ. ಮೇಷ್ಟ್ರೇ, ಊಟದ ವಿಷಯ ಹೇಳಿ. ನಮ್ಮನೆಯಲ್ಲಿ ಮೊಟ್ಟೆ ತಿನ್ನಲ್ಲ. ಅತ್ತೆಗೆ ಅದೇ ದೊಡ್ಡ ಚಿಂತೆ.

ಬಳಪದಮೇಷ್ಟ್ರು · ಏಪ್ರಿಲ್ 24

ಬೆಳಿಗ್ಗೆ ಬಿಸಿ ಹಾಲು, 2013ರಿಂದ ಕ್ಷೀರಭಾಗ್ಯದಲ್ಲಿ ಬರುತ್ತಿದೆ. ಕೆಲವು ದಿನ ರಾಗಿ ಮಾಲ್ಟ್. ಮಧ್ಯಾಹ್ನ ಅನ್ನ-ಸಾರು, ಒಂದೊಂದು ದಿನ ಬಿಸಿಬೇಳೆಬಾತು. ಮೊಟ್ಟೆ ಮೊದಲು ವಾರಕ್ಕೆ ಎರಡು ಇತ್ತು. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ಆರು ದಿನ. ತಿನ್ನದವರಿಗೆ ಬಾಳೆಹಣ್ಣು. ಮನೆಯವರು ಏನು ಹೇಳುತ್ತಾರೋ ಅದನ್ನು ನಾವು ಬರೆದಿಟ್ಟುಕೊಳ್ಳುತ್ತೇವೆ, ಬಲವಂತ ಇಲ್ಲ. ಆದರೆ ತಾಯಿ, ಪಕ್ಕದ ಮಗು ಮೊಟ್ಟೆ ತಿನ್ನುತ್ತದೆ. ಸಾಲು ಒಂದೇ. ಅದಕ್ಕೆ ಮನೆಯಲ್ಲಿ ತಯಾರಿದ್ದರೆ ಮಾತ್ರ ಕಳಿಸಿ.

ಇಂಗ್ಲಿಷ್ ಬಗ್ಗೆ ಕೇಳಲಿಲ್ಲ, ಆದರೂ ಹೇಳುತ್ತೇನೆ. 2007ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಒಂದು ವಿಷಯವಾಗಿ ಇದೆ. ಚೆನ್ನಾಗಿ ಕಲಿಸುತ್ತೇವಾ ಅಂದರೆ, ಎಲ್ಲ ಕಡೆ ಇಲ್ಲ. ಅದಕ್ಕೆ ನೀವು ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಕೊಡಬೇಕಾಗುತ್ತದೆ.

ತೆಂಗಿನಗರಿ · ಜೂನ್ 11, 2025

ಹೋಗಿ ಬಂದೆ. ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಎರಡೂ ಕಡೆ ಹೋದೆ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಖಾಸಗಿ ಶಾಲೆಯಲ್ಲಿ ಕ್ಲಾಸ್ ಒಳಗೆ ಬಿಡಲಿಲ್ಲ. "ಪಾಲಿಸಿ ಮೇಡಂ" ಅಂದರು. ಸ್ಮಾರ್ಟ್‌ಬೋರ್ಡ್ ತೋರಿಸಿದರು. ಒಂದನೇ ಕ್ಲಾಸಿಗೆ ಒಂದು ಸೆಕ್ಷನ್‌ನಲ್ಲಿ 44 ಮಕ್ಕಳು. ಒಂದು-ಎರಡನೇ ಕ್ಲಾಸಿನ ಬ್ಯಾಗು 2 ಕಿಲೋ ಮೀರಬಾರದು ಅಂತ 2019ರಲ್ಲೇ ಸುತ್ತೋಲೆ ಆಗಿದೆಯಲ್ಲ ಅಂತ ಕೇಳಿದೆ. ಆಫೀಸಿನ ಹುಡುಗಿ ನನ್ನನ್ನು ನೋಡಿದ ನೋಟ ಇದೆಯಲ್ಲ, ಅಬ್ಬಾ.

ಸರ್ಕಾರಿ ಶಾಲೆಯಲ್ಲಿ ಮೇಡಂ "ಬನ್ನಿ ಅಕ್ಕ" ಅಂತ ಚಾಪೆ ಕೊಟ್ಟರು. ಕಾರ್ಡಿನ ಅಂಚು ನೋಡಿದೆ. ಸವೆದು ಸವೆದು ಹತ್ತಿಯ ಹಾಗೆ ಆಗಿವೆ, ಕೆಲವಕ್ಕೆ ಸೆಲ್ಲೋಟೇಪು. ಮೂರನೇ ಕ್ಲಾಸಿನ ಒಬ್ಬ ಹುಡುಗ, ಮೂಗು ಸೋರುತ್ತಿತ್ತು, ಒಂದನೇ ಕ್ಲಾಸಿನ ಹುಡುಗಿಗೆ ಹುಣಸೆ ಬೀಜ ಎಣಿಸಿಕೊಡುತ್ತಿದ್ದ. ಆ ಹುಡುಗಿ ಏಳಾದ ಮೇಲೆ ಒಂಬತ್ತು ಅಂದಳು. ಅವನು ಬೈಯಲಿಲ್ಲ. ಒಂದು ಬೀಜ ಹಿಂದಕ್ಕೆ ಎಳೆದು "ಇದರ ಹೆಸರೇನು?" ಅಂತ ಕೇಳಿದ. ನನ್ನ ಮಗಳು ಯಾವಾಗ ನನ್ನ ಕೈ ಬಿಟ್ಟು ಅಲ್ಲಿ ಹೋಗಿ ಕೂತಳೋ ಗೊತ್ತಾಗಲಿಲ್ಲ.

ಸರಿ ಇಲ್ಲದ್ದೂ ಇದೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕ ಇಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲು ಹಿಡಿದು ನಿಲ್ಲಬೇಕು. ನಾಲ್ಕು-ಐದನೇ ಕ್ಲಾಸಿನ ಮೇಡಂಗೆ ಈ ವರ್ಷ ವರ್ಗಾವಣೆ ಆಗಬಹುದಂತೆ, ಬದಲಿಗೆ ಅತಿಥಿ ಶಿಕ್ಷಕಿ ಬರಬಹುದಂತೆ. 'ಬಹುದಂತೆ' ಜಾಸ್ತಿ ಇದೆ.

ಸೇರಿಸಿದೆ. ಮೂರನೇ ಕ್ಲಾಸಿನವರೆಗೆ ಅಂತ ಮನೆಯಲ್ಲಿ ಒಪ್ಪಂದ. ಮಾವ ಎರಡು ದಿನ ಮಾತಾಡಲಿಲ್ಲ.

ಆಟೋಸ್ಟ್ಯಾಂಡ್ · ಜೂನ್ 11

ಮೂರನೇ ಕ್ಲಾಸಿನವರೆಗೆ. ನಾನು ಹೇಳಿದ್ದೂ ಅದೇ ಅಲ್ವಾ ಅಕ್ಕ? ನಿಮಗೆ ವಾಪಸ್ ಬರೋ ದಾರಿ ಇದೆ. ತಪ್ಪು ಅಂತ ಅಲ್ಲ. ಇರೋ ಅಷ್ಟು ದಿನ ಆ ಎಸ್‌ಡಿಎಂಸಿ, ಅದೇ ಶಾಲಾಭಿವೃದ್ಧಿ ಸಮಿತಿ, ಸೇರಿಕೊಳ್ಳಿ. ನಿಮ್ಮಂಥವರು ಕೇಳಿದರೆ ಚಿಲಕ ಬರುತ್ತೆ. ನಾವು ಕೇಳಿದರೆ "ನೋಡೋಣ" ಬರುತ್ತೆ.

ತೆಂಗಿನಗರಿ · ಜೂನ್ 11

ಚುಚ್ಚಿತು ಅಣ್ಣ. ಆದರೆ ಸರಿಯಾಗೇ ಹೇಳಿದಿರಿ.

ತೆಂಗಿನಗರಿ · ಜುಲೈ 19, 2025

ಮೇಷ್ಟ್ರೇ, ಎರಡು ವಿಷಯ.

ಒಂದು, ಮನೆಯಲ್ಲಿ ರಾದ್ಧಾಂತ. ಮೊನ್ನೆ ಮಾವ "ಇ ಈ ಬರಿ ಪುಟ್ಟಿ" ಅಂದರು. ಬರಲ್ಲ ಅಂದಳು. "ಒಂದೂವರೆ ತಿಂಗಳಾದ್ರೂ ಇ ಈ ಬರಲ್ವಾ!" ಅಂತ ಮಾವ ನನ್ನ ಕಡೆ ತಿರುಗಿದರು. ಅದಕ್ಕೆ ಸರಿಯಾಗಿ ಮಗಳು "ನಾನು ನಾಳೆಯಿಂದ ಎರಡನೇ ತಟ್ಟೆ ಅಜ್ಜಿ" ಅಂದಳು. ಅತ್ತೆ ಊಟದ ತಟ್ಟೆ ಅಂದುಕೊಂಡು, ಮಗುವಿಗೆ ಎರಡನೇ ಪಂಕ್ತಿಯಲ್ಲಿ ಬಡಿಸುತ್ತಾರಾ ಅಂತ ಕಣ್ಣೀರು ಹಾಕಿದರು. ವಿವರಿಸಿ ಸಾಕಾಯಿತು. ಇ ಈ ಯಾಕೆ ಇನ್ನೂ ಕಲಿಸಿಲ್ಲ?

ಎರಡು, ನಾನೀಗ ಎಸ್‌ಡಿಎಂಸಿಯಲ್ಲಿದ್ದೇನೆ. ಚಿಲಕಕ್ಕೆ ಯಾವ ದುಡ್ಡು ಬಳಸೋದು?

ಬಳಪದಮೇಷ್ಟ್ರು · ಜುಲೈ 19

ನಲಿ-ಕಲಿಯಲ್ಲಿ ಅ ಆ ಇ ಈ ಕ್ರಮದಲ್ಲಿ ಹೋಗಲ್ಲ. ಮೊದಲು ಐದು ಅಕ್ಷರ: ರ ಗ ಸ ದ ಅ. ಬರೆಯೋಕೆ ಸುಲಭ, ತಕ್ಷಣ ಪದ ಆಗುತ್ತವೆ. ಸರ, ದರ, ಅರಸ, ಅಗಸ. ವರ್ಣಮಾಲೆ ಪೂರ್ತಿ ಬರಲು ತಿಂಗಳುಗಳು ಬೇಕು. ಅಷ್ಟರಲ್ಲಿ ಮಗು ಓದುತ್ತಿರುತ್ತದೆ. ನಿಮ್ಮ ಮಾವನವರಿಗೆ ಹೇಳಿ, 'ಗರಗಸ' ಬರೆಸಿ ನೋಡಲಿ.

ಚಿಲಕಕ್ಕೆ ಶಾಲಾ ಅನುದಾನ ಬಳಸಬಹುದು. ಸಭೆಯಲ್ಲಿ ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿ. ಅಂಗಡಿಯ ರಸೀದಿ ಹೆಡ್ ಮೇಡಂಗೆ ಕೊಡಿ.

ತೆಂಗಿನಗರಿ · ಜುಲೈ 20

ಬರೆದಳು. ಕೊಬ್ಬರಿ ಗೋದಾಮಿನ ಬಾಗಿಲ ಮೇಲೆ, ಬಳಪದಲ್ಲಿ, ಒಂದೊಂದು ಅಕ್ಷರ ಒಂದೊಂದು ಗೇಣು. ಗ ಸ್ವಲ್ಪ ಮಲಗಿದೆ. ಮಾವ ಕನ್ನಡಕ ಹಾಕಿಕೊಂಡು ಓದಿ, "ಇದನ್ನು ನಮಗೆ ಎಷ್ಟನೇ ಕ್ಲಾಸಲ್ಲಿ ಹೇಳಿಕೊಟ್ಟಿದ್ದರು?" ಅಂತ ಯಜಮಾನರನ್ನು ಕೇಳಿದರು.

ಚಿಲಕ 85 ರೂಪಾಯಿ. ರಸೀದಿ ಇಟ್ಟುಕೊಂಡಿದ್ದೇನೆ. ಹಾಕೋಕೆ ಬಡಗಿ ಸೋಮವಾರ ಬರುತ್ತಾನಂತೆ.